ಬೆಡ್‌ಶೀಟಣ್ಣನ ಹಳದಿ ಚೀಟಿಗಳು

ಎಲ್ಲ ಫಜೀತಿಗೂ ಕಾರಣ ಒಂದು ಕಟ್ಟು ಹಳದಿ ಅಂಟುಚೀಟಿ. ತಂದುಕೊಟ್ಟವಳು ನಾದಿನಿ, ಅಂಟಿಸಿದವನು ಬೆಡ್‌ಶೀಟಣ್ಣ. ಕಿತ್ತು ತೆಗೆಯುವ ಕೆಲಸ ಇನ್ನೂ ಮುಗಿದಿಲ್ಲ ಎಂದು ಅವನ ಮನೆಯಿರುವ ಕಟ್ಟಡದವರು ಹೇಳುತ್ತಾರೆ.

ಬೆಡ್‌ಶೀಟಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ರೈಲ್ವೆ ಸ್ಟೇಷನ್ನಿನ ಎದುರಿಗಿರುವ ಲಾಡ್ಜಿನಲ್ಲಿ ಬಟ್ಟೆಕೋಣೆ ಅವನ ಸುಪರ್ದಿಯಲ್ಲಿತ್ತು. ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು ಎಲ್ಲವನ್ನೂ ಒಗೆಸಿ, ಇಸ್ತ್ರಿ ಮಾಡಿ, ಮಡಚಿ ಕೋಣೆ ಕೋಣೆಗೆ ಕಳಿಸುವುದು ಅವನ ಕೆಲಸ. ಆ ಕೋಣೆ ಇದ್ದದ್ದು ಬಾಯ್ಲರಿನ ಪಕ್ಕದಲ್ಲಿ. ಬೆಳಗ್ಗೆ ಅದನ್ನು ಹಚ್ಚುವವನೂ ಅವನೇ. ಹಬೆಯಲ್ಲಿ ದಿನವಿಡೀ ನಿಂತು ನಿಂತು ಸಂಜೆಯ ಹೊತ್ತಿಗೆ ಅವನೂ ಹಿಂಡಿ ಹಾಕಿದ ಟವೆಲ್ಲಿನಂತೆಯೇ ಆಗಿರುತ್ತಿದ್ದ. ಹಿಂದೆ ಅಲ್ಲೊಂದು ಫ್ಯಾನಿತ್ತು. ಮಡಚಿಟ್ಟ ದಿಂಬಿನ ಕವರುಗಳು ಹಾರಾಡುತ್ತವೆ ಎಂದು ಯಜಮಾನರು ಅದನ್ನು ಬಿಚ್ಚಿಸಿ ಮುಂದಿನ ಕೌಂಟರಿನ ಮೇಲೆ ಹಾಕಿಸಿದ್ದರು. ಕೌಂಟರಿನಲ್ಲಿ ಮೆತ್ತೆ ಹಾಕಿದ ಕುರ್ಚಿಯೂ ಇತ್ತು. ತನ್ನ ಫ್ಯಾನು ಇನ್ನೊಬ್ಬನ ತಲೆಯ ಮೇಲೆ ತಿರುಗುವುದನ್ನು ನೋಡಿದಾಗಲೆಲ್ಲ ಬೆಡ್‌ಶೀಟಣ್ಣನ ಮಂಡಿನೋವು ಇಮ್ಮಡಿಯಾಗುತ್ತಿತ್ತು.

ಹೀಗಿರುವಾಗ ಕೌಂಟರಿನ ಮುದುಕರು ಕೆಲಸ ಬಿಟ್ಟು ಮಗಳ ಮನೆಗೆ ಹೋಗಿ ಇರುವುದಾಗಿ ಹೇಳಿದರು. ಬೆಡ್‌ಶೀಟಣ್ಣ ಕೈ ಒರೆಸಿಕೊಂಡು ಯಜಮಾನರ ಎದುರು ನಿಂತ.

“ಆ ಕುರ್ಚಿ ನಿನಗ್ಯಾಕೆ ಕೊಡಬಾರದು, ಕೊಡೋಣ,” ಎಂದರು ಯಜಮಾನರು. “ಆದ್ರೆ ಇಂಗ್ಲಿಷ್‌ನಲ್ಲಿ ನಾಲ್ಕು ಮಾತಾಡೋಕೆ ಬರಬೇಕು ಕಣಯ್ಯಾ. ಬರೋ ಗಿರಾಕಿಗಳಲ್ಲಿ ಅರ್ಧ ಜನ ಹೊರಗಿನವರು. ಒಂದಿನ ಸಂಜೆ ನಿನ್ನನ್ನ ಅಲ್ಲಿ ಕೂರಿಸ್ತೀನಿ. ಒಬ್ಬೇ ಒಬ್ಬ ಗಿರಾಕೀನ ಇಂಗ್ಲಿಷ್‌ನಲ್ಲಿ ಸಂಭಾಳಿಸು, ಕುರ್ಚಿ ನಿಂದು.”

ಅವತ್ತಿನಿಂದ ಮನೆಯಲ್ಲಿ ನಾದಿನಿಯ ಆಡಳಿತ ಶುರುವಾಯಿತು. ಹೆಂಡತಿಯ ತಂಗಿ ಶಾಲೆಯಲ್ಲಿ ಟೀಚರು. ಭಾವನ ಕಿವಿ ಹಿಂಡುವ ಅವಕಾಶ ಯಾವ ನಾದಿನಿಗೆ ತಾನೇ ಬೇಡ? ಅವಳು ಒಂದೇ ಒಂದು ನಿಯಮ ಹಾಕಿದಳು: ಮನೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ, ಮರೆತು ನಮ್ಮ ಮಾತು ಆಡಿದವರು ಆ ಹೊತ್ತಿನ ಪಾತ್ರೆ ತೊಳೆಯಬೇಕು. “ಅಕ್ಕಾ, ಭಾವನಿಗೆ ಜೊತೆ ಬೇಕಲ್ಲ. ನೀನೂ ಆಡಬೇಕು,” ಎಂದು ಅಕ್ಕನನ್ನೂ ಸೇರಿಸಿದಳು.

ಪಾತ್ರೆಯನ್ನು ಯಾವಾಗಲೂ ಬೆಡ್‌ಶೀಟಣ್ಣನೇ ತೊಳೆದ ಎಂದು ಬೇರೆ ಹೇಳಬೇಕಾಗಿಲ್ಲ. ಅವನು ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ವಸ್ತುಗಳ ಹೆಸರು ಉರು ಹೊಡೆಯುತ್ತಿದ್ದ. ಹೆಂಡತಿ ಮೊದಮೊದಲು ಬಾಯಿ ಮುಚ್ಚಿಕೊಂಡಿದ್ದಳು. ಆದರೆ ಗಂಡನನ್ನು ಬೈಯದೆ ಎಷ್ಟು ದಿನ ಇರಲಾಗುತ್ತದೆ? ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದಿರುತ್ತದೆ, ತರಕಾರಿ ತರಲು ಹೋದವನು ಬರಿಗೈಯಲ್ಲಿ ಬಂದಿರುತ್ತಾನೆ. ಅವಳು ತಂಗಿಯನ್ನು ಕೇಳಿ ಕೇಳಿ ಬೈಗುಳಕ್ಕೆ ಬೇಕಾದ ಮಾತುಗಳನ್ನಷ್ಟೇ ಇಸಿದುಕೊಂಡಳು. “ವೇರ್ ಡಿಡ್ ಯು ಪುಟ್ ದ ಬ್ಯಾಗ್? ವೈ ಡಿಡ್ ಯು ನಾಟ್ ಬ್ರಿಂಗ್ ಆನಿಯನ್? ಹೌ ಮೆನಿ ಟೈಮ್ಸ್ ಐ ಟೆಲ್ ಯು?” ಇಷ್ಟನ್ನು ಒಂದೇ ಉಸಿರಿನಲ್ಲಿ ಕೇಳುತ್ತಿದ್ದಳು. ಓದುವ ಹೊತ್ತಿನಲ್ಲಿ ಇವಳದೊಂದು ಕಿರಿಕಿರಿ ಎಂದು ಬೆಡ್‌ಶೀಟಣ್ಣ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದ.

ಆದರೂ ಸಂಜೆಯಾದರೆ ಅವನ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದವಳು ಅವಳೇ. ಆ ಕುರ್ಚಿ ಅವನಿಗಿಂತ ಹೆಚ್ಚಾಗಿ ಅವಳಿಗೆ ಬೇಕಾಗಿತ್ತು.

ಪರೀಕ್ಷೆಯ ದಿನ ಬಂದೇಬಿಟ್ಟಿತು. ಸಂಜೆಯವರೆಗೆ ಯಜಮಾನರು ರಜೆ ಕೊಟ್ಟಿದ್ದರು. ಹಿಂದಿನ ದಿನ ನಾದಿನಿ ಕೊನೆಯ ಮದ್ದು ಎಂದು ಆ ಹಳದಿ ಚೀಟಿಯ ಕಟ್ಟನ್ನು ಕೊಟ್ಟು ಹೋಗಿದ್ದಳು. “ಭಾವ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರು ಬರೆದು ಅಂಟಿಸಿ. ನೋಡಿ ನೋಡಿ ತಲೆಗೆ ಹತ್ತುತ್ತೆ. ನಾಳೆ ಪರೀಕ್ಷೆ ಮುಗಿಯೋವರೆಗೆ ಇಬ್ಬರೂ ಮನೇಲಾಗ್ಲಿ ಹೊರಗಾಗ್ಲಿ ಬೇರೆ ಮಾತು ಆಡಕೂಡದು. ಆಡಿದ್ರೆ ಈ ತಿಂಗಳ ಪಾತ್ರೆಯೆಲ್ಲ ಆಡಿದವರದ್ದೇ.”

ಬೆಡ್‌ಶೀಟಣ್ಣ ಬೆಳಗ್ಗೆ ಎದ್ದವನೇ ಶುರು ಹಚ್ಚಿಕೊಂಡ. ಕುರ್ಚಿಗೆ ಚೇರ್, ಮೇಜಿಗೆ ಟೇಬಲ್, ಪೊರಕೆಗೆ ಬ್ರೂಮ್. ಗೋಡೆಗೆ ಬಂದಾಗ ಒಂದು ಸಮಸ್ಯೆ ಎದ್ದಿತು. ನಾಲ್ಕು ಗೋಡೆಗೆ ಒಂದು ಚೀಟಿ ಸಾಕೋ, ನಾಲ್ಕು ಬೇಕೋ? ಯಾವುದಕ್ಕೂ ಇರಲಿ ಎಂದು ನಾಲ್ಕೂ ಅಂಟಿಸಿದ. ಅಡುಗೆಮನೆಗೆ ನುಗ್ಗಿದ. ಅಲ್ಲಿ ಶೆಲ್ಫಿನ ತುಂಬ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು. ಅವುಗಳ ಮೇಲೆ ಹೆಂಡತಿ ಯಾವ ಕಾಲದಲ್ಲೋ ತನ್ನ ಕೈಬರಹದಲ್ಲಿ ಉಪ್ಪು, ಸಕ್ಕರೆ, ಹಿಟ್ಟು, ಖಾರದ ಪುಡಿ ಎಂದು ಬರೆದು ಅಂಟಿಸಿದ್ದ ಕಾಗದಗಳಿದ್ದವು. ಅದೆಲ್ಲ ನಮ್ಮ ಭಾಷೆ, ಈವತ್ತು ಕಣ್ಣಿಗೆ ಬೀಳಕೂಡದು ಎಂದು ಅವನು ಎಲ್ಲವನ್ನೂ ನೀರು ಹಚ್ಚಿ ಉಜ್ಜಿ ಉಜ್ಜಿ ಕಿತ್ತ. ಒಂದೊಂದರ ಮೇಲೂ ಟಿನ್, ಟಿನ್, ಟಿನ್ ಎಂದು ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹಾಲು ಕುಡಿದಷ್ಟು ಸಂತೋಷವಾಯಿತು.

ಹೆಂಡತಿ ಸ್ನಾನ ಮುಗಿಸಿ ಬಂದು ಶೆಲ್ಫಿನ ಎದುರು ನಿಂತಳು.

“ವಾಟ್ ಈಸ್ ದಿಸ್?” ಎಂದಳು.

“ಟಿನ್.”

“ದಿಸ್?”

“ಟಿನ್.”

“ಐ ನೋ ಇಟ್ ಈಸ್ ಟಿನ್! ವಾಟ್ ಈಸ್ ಇನ್‌ಸೈಡ್?”

ಒಳಗೆ ಏನಿದೆ ಅಂತ ನಿನಗೆ ಕೈಯಳತೆಯಲ್ಲೇ ಗೊತ್ತಲ್ಲ, ಚೀಟಿ ಯಾಕೆ ಎಂದು ಹೇಳಬೇಕೆನಿಸಿತು ಅವನಿಗೆ. ಅಷ್ಟು ಉದ್ದದ ಇಂಗ್ಲಿಷ್ ಅವನ ಹತ್ತಿರ ದಾಸ್ತಾನಿರಲಿಲ್ಲ. ಹಲ್ಲು ಬಿಟ್ಟ. ಅವಳ ಮುಖ ಇನ್ನೂ ಕೆಂಪಾದಾಗ ಸಮಾಧಾನಪಡಿಸಲು ಹೊಸ ಚೀಟಿಯೊಂದರ ಮೇಲೆ ವೈಫ್ ಎಂದು ಬರೆದು ಅವಳ ಭುಜಕ್ಕೆ ಅಂಟಿಸಿ, ಇನ್ನೊಂದರ ಮೇಲೆ ಹಸ್ಬೆಂಡ್ ಎಂದು ಬರೆದು ತನ್ನ ಎದೆಗೆ ಅಂಟಿಸಿಕೊಂಡ. ಅವಳಿಗೆ ನಗು ಬಂತು. ಆದರೂ ಬಿಟ್ಟುಕೊಡದೆ ಭುಜದ ಚೀಟಿಯನ್ನು ಕಿತ್ತು ನಡುಕೋಣೆಗೆ ಬಂದು ಅಲ್ಲಿದ್ದ ಮಂಚಕ್ಕೆ ಪಟ್ ಎಂದು ಬಡಿದು ಒಳಗೆ ಹೋದಳು. ಅವನು ಸಂಜೆಗೆಂದು ಇಸ್ತ್ರಿಯ ಅಂಗಿ ತೆಗೆಯಲು ಕನ್ನಡಿ ಬೀರುವಿನ ಬಾಗಿಲು ತೆರೆದ. ಆ ಬಾಗಿಲು ಸುಲಭಕ್ಕೆ ಮುಚ್ಚುವುದಲ್ಲ. ಎದೆ ಕೊಟ್ಟು ನೂಕಬೇಕು. ಎದೆ ಕೊಟ್ಟು ನೂಕಿದ. ಬಾಗಿಲು ಮುಚ್ಚಿತು. ಎದೆಯ ಮೇಲಿದ್ದ ಹಸ್ಬೆಂಡ್ ಬೀರುವಿನ ಪಾಲಾಗಿದ್ದು ಅವನ ಗಮನಕ್ಕೆ ಬರಲೇ ಇಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ರೇಡಿಯೋ ಅಕ್ಕ ಕಾಣಿಸಿಕೊಂಡಳು. ಎದುರು ಮನೆಯವಳು. ಅವಳ ಕೈಯಲ್ಲಿ ಯಾವಾಗಲೂ ಒಂದು ಖಾಲಿ ಲೋಟ ಇರುತ್ತದೆ. ಕಂಡವರ ಮನೆಯೊಳಗೆ ಬರಲು ಅದೇ ಅವಳ ಪರವಾನಗಿ. ಒಳಗೆ ಕಂಡದ್ದು ಕೆಳಗಿನ ಮಹಡಿ ಮುಟ್ಟಲು ಅವಳು ಮೆಟ್ಟಿಲು ಇಳಿಯುವಷ್ಟು ಹೊತ್ತು ಸಾಕು.

“ಒಂಚೂರು ಸಕ್ಕರೆ ಇದ್ರೆ ಕೊಡು ತಂಗೀ...” ಎಂದವಳು ಮಾತು ನಿಲ್ಲಿಸಿ ಕಣ್ಣು ಕಣ್ಣು ಬಿಟ್ಟಳು. ಕುರ್ಚಿಯ ಮೇಲೆ ಚೀಟಿ, ಮಂಚದ ಮೇಲೆ ಚೀಟಿ, ಪೊರಕೆಯ ಮೇಲೂ ಚೀಟಿ. ಇಂಗ್ಲಿಷ್ ಓದಲು ಅವಳಿಗೆ ಬರುವುದಿಲ್ಲ. ಆದರೆ ಚೀಟಿಯ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೇಲಿನ ಮಹಡಿಯ ಅಣ್ಣತಮ್ಮಂದಿರು ಬೇರೆಯಾದಾಗ ಹೀಗೇ ಪಾತ್ರೆ ಪಡಗಕ್ಕೆಲ್ಲ ಚೀಟಿ ಅಂಟಿಸಿ ಪಾಲು ಮಾಡಿಕೊಂಡಿದ್ದರು. ಅದನ್ನು ಮೊದಲು ಪ್ರಸಾರ ಮಾಡಿದವಳೂ ಅವಳೇ.

“ಏನಿದು? ಮನೆ ತುಂಬ ಚೀಟಿ ಯಾಕೆ?” ಎಂದು ಹೆಂಡತಿಯನ್ನು ಕೇಳಿದಳು.

ಹೆಂಡತಿಗೆ ತಿಂಗಳ ಪಾತ್ರೆ ಕಣ್ಣೆದುರು ಬಂತು. ತುಟಿ ಬಿಗಿದುಕೊಂಡು, “ನಥಿಂಗ್. ಸಿಟ್,” ಎಂದಳು. ಗಂಡನ ಕಡೆ ತಿರುಗಿ, “ಬ್ರಿಂಗ್ ಶುಗರ್,” ಎಂದಳು.

“ಅಯ್ಯೋ, ನನ್ನ ಜೊತೇನೂ ಸರಿಯಾಗಿ ಮಾತಾಡ್ತಿಲ್ವಲ್ಲ,” ಎಂದು ರೇಡಿಯೋ ಅಕ್ಕ ಸೆರಗು ಬಾಯಿಗೆ ಹಿಡಿದಳು. “ಏನಾಯ್ತಣ್ಣಾ?”

ಬೆಡ್‌ಶೀಟಣ್ಣ ವಿವರಿಸಲು ಕೈ ಎತ್ತಿದ. “ನೋ ನೋ. ಅಕ್ಕ... ಚೇರ್. ಟೇಬಲ್. ಕಾಟ್. ಬ್ರೂಮ್,” ಎಂದು ಒಂದೊಂದನ್ನೇ ತೋರಿಸುತ್ತ ಹೋದ. ಪೊರಕೆಯನ್ನೂ ಬಿಡದೆ ಲೆಕ್ಕ ಹಾಕ್ತಿದ್ದಾನಲ್ಲ ಎಂದು ಅವಳ ಮುಖ ಇನ್ನೂ ಸಣ್ಣಗಾಯಿತು.

ಅವನು ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದ. ಡಬ್ಬಿಗಳು ಸಾಲಾಗಿ ಅವನನ್ನೇ ನೋಡುತ್ತಿದ್ದವು. ಟಿನ್, ಟಿನ್, ಟಿನ್. ಮೂರ್ನಾಲ್ಕು ಮುಚ್ಚಳ ತೆಗೆದ. ಬೆಳ್ಳಗೆ ಹರಳುಹರಳಾಗಿ ಕಂಡದ್ದನ್ನು ಲೋಟಕ್ಕೆ ಸುರಿದು ತಂದುಕೊಟ್ಟ. ರೇಡಿಯೋ ಅಕ್ಕ ಹೆಂಡತಿಯ ತಲೆ ಸವರಿ, “ಧೈರ್ಯವಾಗಿರು ತಂಗೀ, ನಾವೆಲ್ಲ ಇದ್ದೀವಿ,” ಎಂದು ಹೇಳಿ ಅವಸರವಸರವಾಗಿ ಮೆಟ್ಟಿಲಿಳಿದಳು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮಧ್ಯಾಹ್ನದ ಊಟ ಮುಗಿಸಿ ಬೆಡ್‌ಶೀಟಣ್ಣ ಕೈ ತೊಳೆಯುತ್ತಿದ್ದಾಗ ಕೋರ್ಟ್ ತಾತ ಬಂದ. ಕೆಳಗಿನ ಮನೆಯಲ್ಲಿ ಇರುವವನು. ಜೀವಮಾನವಿಡೀ ನ್ಯಾಯಾಲಯದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿ ನಿವೃತ್ತನಾದವನು. ಅವನಿಗೆ ಲೋಕದಲ್ಲಿ ವಾದಿ ಮತ್ತು ಪ್ರತಿವಾದಿ ಬಿಟ್ಟು ಮೂರನೆಯ ಜಾತಿ ಇಲ್ಲ. ಅವನ ಹಿಂದೆ ರೇಡಿಯೋ ಅಕ್ಕ, ಅವಳ ಹಿಂದೆ ಕೆಳಗಡೆ ಅಂಗಡಿ ಇಟ್ಟುಕೊಂಡಿರುವ ಟೈಲರು. ಟೈಲರನ ಕೊರಳಲ್ಲಿ ಅಳತೆ ಟೇಪು ಯಾವಾಗಲೂ ಇದ್ದದ್ದೇ.

“ಬೆಳಗ್ಗೆ ಈಯಮ್ಮ ಕಾಫಿ ಕೊಟ್ಟಳು,” ಎಂದು ತಾತ ಗಂಟಲು ಸರಿಮಾಡಿಕೊಂಡ. “ಬಾಯಿಗಿಟ್ಟೆ. ಉಪ್ಪು! ಸಕ್ಕರೆ ಕೇಳಿದವರಿಗೆ ಉಪ್ಪು ಕೊಡೋ ಮಟ್ಟಕ್ಕೆ ಈ ಮನೆ ಬಂದಿದೆ ಅಂತ ಆಗಲೇ ಗೊತ್ತಾಯ್ತು.”

ತಾತನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ. ಕನ್ನಡಕ ಏರಿಸಿ ಮನೆಯನ್ನು ಒಂದು ಸುತ್ತು ಹಾಕಿದ. ಚೇರ್ ಓದಿದ, ಟೇಬಲ್ ಓದಿದ, ನಾಲ್ಕು ಗೋಡೆಯನ್ನೂ ಬಿಡದೆ ಓದಿದ. “ಕ್ರಮವಾಗಿ ನಡೀತಿದೆ. ಮೊದಲು ಆಸ್ತಿ ಗುರುತಿಸಬೇಕು, ಆಮೇಲೆ ಹಂಚಬೇಕು,” ಎಂದು ತಲೆದೂಗಿದ. ಮಂಚದ ಹತ್ತಿರ ಬಂದು ಬಗ್ಗಿದ. “ವೈಫ್,” ಎಂದು ಜೋರಾಗಿ ಓದಿದ. ಬೀರುವಿನ ಹತ್ತಿರ ಬಂದ. “ಹಸ್ಬೆಂಡ್! ನೋಡಮ್ಮಾ, ಮಂಚ ಹೆಂಡತಿಗೆ, ಬೀರು ಗಂಡನಿಗೆ. ಲಿಖಿತ ಸಾಕ್ಷ್ಯ!”

 ಬೆಡ್‌ಶೀಟಣ್ಣನ ಕೈ ತಾನಾಗಿ ಅಂಗಿಯ ಮೇಲೆ ಹೋಯಿತು. ಅಲ್ಲಿ ಚೀಟಿ ಇರಲಿಲ್ಲ.

ಟೈಲರು ಆಗಲೇ ಬೀರುವಿಗೆ ಟೇಪು ಹಿಡಿದಿದ್ದ. “ಅಣ್ಣಾ, ನೀವು ಒಬ್ಬರೇ ಆದ ಮೇಲೆ ಇಷ್ಟು ದೊಡ್ಡ ಬೀರು ಏನ್ಮಾಡ್ತೀರಿ? ಕನ್ನಡಿ ಚೆನ್ನಾಗಿದೆ. ಅಂಗಡೀಲಿ ಗಿರಾಕಿಗಳು ಬಟ್ಟೆ ಹಾಕ್ಕೊಂಡು ನೋಡ್ಕೊಳ್ಳೋಕೆ ಆಗುತ್ತೆ. ಅಡ್ಡ ಹಾಕಿದ್ರೆ ನಮ್ಮ ಬಾಗಿಲಲ್ಲಿ ಹಿಡಿಸುತ್ತೆ.”

ಇನ್ನು ತಡೆದುಕೊಳ್ಳಲು ಬೆಡ್‌ಶೀಟಣ್ಣನಿಂದ ಆಗಲಿಲ್ಲ. “ಅಯ್ಯೋ ತಾತಾ, ನಾವು ಬೇರೆ ಆಗ್ತಿಲ್ಲ! ಇಂಗ್ಲಿಷ್ ಕಲಿಯೋಕೆ ಅಂಟಿಸಿದ್ದು ಅವೆಲ್ಲ!” ಎಂದು ಅಚ್ಚ ತಾಯ್ನುಡಿಯಲ್ಲಿ ಕೂಗಿಬಿಟ್ಟ.

ಹೆಂಡತಿಯ ಮುಖ ಅರಳಿತು. ಅಡುಗೆಮನೆಯ ಸಿಂಕಿನ ಕಡೆ ಬೆರಳು ತೋರಿಸಿದಳು. ಅಲ್ಲಿ ಮಧ್ಯಾಹ್ನದ ಪಾತ್ರೆಗಳು ರಾಶಿ ಬಿದ್ದಿದ್ದವು.

“ಮನೇಲಿರೋ ಕುರ್ಚಿಗೆ ಕುರ್ಚಿ ಅಂತ ಬರೆದು ಅಂಟಿಸೋನು ಯಾರಪ್ಪಾ?” ಎಂದ ತಾತ. “ನಂಬೋ ಹಾಗೆ ಹೇಳು. ಬೆಳಗ್ಗೆ ಈಯಮ್ಮನ ಎದುರಿಗೆ ಒಂದೊಂದೇ ಸಾಮಾನು ಎಣಿಸಿದ್ದೀಯ. ಈಗ ಮಾತು ಬದಲಾಯಿಸ್ತಿದ್ದೀಯ. ಇಂಥವರನ್ನ ನಾನು ಬೇಕಾದಷ್ಟು ನೋಡಿದ್ದೀನಿ.”

ಬೆಡ್‌ಶೀಟಣ್ಣ ಪಾತ್ರೆ ತಿಕ್ಕುತ್ತ ನಿಂತ. ಹಿಂದಿನಿಂದ ಸಂಸಾರದ ಬಗ್ಗೆ ತಾತನ ಉಪದೇಶ, ಪಕ್ಕದಿಂದ ರೇಡಿಯೋ ಅಕ್ಕನ ನಿಟ್ಟುಸಿರು, ಆಚೆಯಿಂದ ಟೇಪು ಸರ್ರನೆ ಎಳೆಯುವ ಸದ್ದು. ಗಂಡ ಪಾತ್ರೆ ತೊಳೆಯುತ್ತಿರುವುದನ್ನು ಕಂಡು ರೇಡಿಯೋ ಅಕ್ಕ, “ನೋಡಿ ತಾತಾ, ಆಗಲೇ ಅವನ ಪಾತ್ರೆ ಅವನೇ ತೊಳ್ಕೊಳ್ತಿದ್ದಾನೆ,” ಎಂದಳು. ಕೊನೆಯ ತಟ್ಟೆ ತೊಳೆದವನೇ ಅವನು ಇಸ್ತ್ರಿಯ ಅಂಗಿ ತೊಟ್ಟು ಚಪ್ಪಲಿ ಮೆಟ್ಟಿ ಹೊರಬಿದ್ದ.

“ಓಡಿಹೋದ,” ಎಂದ ತಾತನ ದನಿ ಮೆಟ್ಟಿಲವರೆಗೂ ಕೇಳಿಸಿತು. “ಇರಲಿ. ಇವನಿಗೊಬ್ಬ ಯಜಮಾನ ಇದ್ದಾನಲ್ಲ, ಅಲ್ಲೇ ಅರ್ಜಿ ಹಾಕೋಣ.”

ಬಸ್ಸಿನಲ್ಲಿ ಕೂತಾಗಲೂ ಬೆಡ್‌ಶೀಟಣ್ಣನ ಜೀವ ನೆಟ್ಟಗಿರಲಿಲ್ಲ. ಧ್ಯಾನ ತಪ್ಪಬಾರದೆಂದು ಕಂಡದ್ದಕ್ಕೆಲ್ಲ ಇಂಗ್ಲಿಷ್ ಹೆಸರು ಹುಡುಕತೊಡಗಿದ. ಬಸ್ಸಿಗೆ ಇಂಗ್ಲಿಷ್‌ನಲ್ಲಿ ಏನನ್ನುತ್ತಾರೆ? ತಲೆ ಕೆರೆದುಕೊಂಡ. ಬೆವರಿದ. ಟಿಕೆಟ್ಟಿಗೆ? ಸೀಟಿಗೆ? ಒಂದೂ ಡಿಕ್ಷನರಿಯಲ್ಲಿ ನೋಡಿದ ನೆನಪಿಲ್ಲ. ಮುಗಿಯಿತು ನನ್ನ ಕತೆ ಎಂದುಕೊಳ್ಳುವಷ್ಟರಲ್ಲಿ ಪಕ್ಕದವನು, “ಸ್ಟಾಪ್ ಬಂತು, ಸ್ವಲ್ಪ ಸೈಡ್ ಕೊಡಿ,” ಎಂದ. ಆಗ ಹೊಳೆಯಿತು. ಹುಟ್ಟಿದಾಗಿನಿಂದ ಆಡುತ್ತಿರುವುದರಲ್ಲಿ ಅರ್ಧ ಇಂಗ್ಲಿಷೇ! ಅರ್ಧ ಪರೀಕ್ಷೆ ಆಗಲೇ ಪಾಸಾದಂತೆ ಎಂದು ಎದೆಯುಬ್ಬಿಸಿ ಬಸ್ಸಿಳಿದ.

ಲಾಡ್ಜಿನಲ್ಲಿ ಯಜಮಾನರು ಮಾತು ಉಳಿಸಿಕೊಂಡರು. ಸಂಜೆ ಅವನನ್ನು ಕೌಂಟರಿನ ಕುರ್ಚಿಯಲ್ಲಿ ಕೂರಿಸಿ ತಾವು ಮೂಲೆಯ ಸೋಫಾದಲ್ಲಿ ಪೇಪರು ಬಿಡಿಸಿಕೊಂಡು ಕೂತರು. ಪೇಪರಿನ ಮೇಲಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

ಮೆತ್ತೆ ಬೆನ್ನಿಗೆ ತಾಗಿತು. ಮಂಡಿಗಳು ತಾವಾಗಿ ಮಡಚಿಕೊಂಡು ಸುಮ್ಮನಾದವು. ತಲೆಯ ಮೇಲೆ ಫ್ಯಾನು, ಅವನದೇ ಹಳೆಯ ಫ್ಯಾನು, ಕಿರ್ ಕಿರ್ ಎಂದು ತಿರುಗುತ್ತ ಅವನ ಗುರುತು ಹಿಡಿದಂತಿತ್ತು. ಬೆಡ್‌ಶೀಟಣ್ಣನಿಗೆ ಕಣ್ಣು ತುಂಬಿ ಬಂತು. ಈ ಕುರ್ಚಿಗಾಗಿ ಇನ್ನೊಂದು ವರ್ಷ ಪಾತ್ರೆ ತೊಳೆಯಲೂ ಸಿದ್ಧ ಎನಿಸಿತು.

ಗಾಜಿನ ಬಾಗಿಲು ತೆರೆದು ಎತ್ತರದ ಹೆಂಗಸೊಬ್ಬಳು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬಂದಳು. ಕೌಂಟರಿಗೆ ಮೊಣಕೈ ಊರಿ ಇಂಗ್ಲಿಷ್‌ನಲ್ಲಿ ಒಂದೇ ಸಮನೆ ಮಾತಾಡಿದಳು. ಓಡುವ ಬಸ್ಸಿನಿಂದ ಊರಿನ ಬೋರ್ಡು ಓದಿದಂತೆ ಬೆಡ್‌ಶೀಟಣ್ಣನಿಗೆ ಒಂದೆರಡು ಮಾತು ಕಂಡವು. ರೂಮ್. ಟ್ರೇನ್. ಹಾಟ್ ವಾಟರ್.

“ವಾಟರ್!” ಎಂದ ಅವನು ಹುರುಪಿನಿಂದ. “ಎಸ್! ಬಕೆಟ್. ಮಗ್. ಸೋಪ್. ಟವೆಲ್!”

“ಯೆಸ್, ಬಟ್ ವೆನ್?” ಎಂದಳು ಅವಳು.

ಬೆಡ್‌ಶೀಟಣ್ಣ ಸುತ್ತ ನೋಡಿದ. ವೆನ್ ಎನ್ನುವ ವಸ್ತು ಎಲ್ಲಿಯೂ ಕಾಣಲಿಲ್ಲ. ಮನೆಯಲ್ಲಿದ್ದ ಸಾಮಾನುಗಳನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಮುಟ್ಟಿ ಬಂದ. ಯಾವಾಗ ಎನ್ನುವುದಕ್ಕೆ ಚೀಟಿ ಎಲ್ಲಿ ಅಂಟಿಸುವುದು?

“ಪಿಲ್ಲೋ?” ಎಂದ ಮೆಲ್ಲಗೆ. “ಬೆಡ್‌ಶೀಟ್?”

ಅವಳು ಕೈಯಾಡಿಸಿ ಮತ್ತೆ ಮೊದಲಿನಿಂದ ಹೇಳಿದಳು. ಅವನು ಕೀ ಎಂದ, ಡೋರ್ ಎಂದ, ಫ್ಯಾನ್ ಎಂದ. ಕೊನೆಗೆ ವಾಲ್ ಎಂದು ಗೋಡೆ ತೋರಿಸಿದ. ಅವಳು ಗೋಡೆ ನೋಡಿದಳು. ಗೋಡೆಯಲ್ಲಿ ಏನೂ ಇರಲಿಲ್ಲ. ಮೂಲೆಯಲ್ಲಿ ಪೇಪರು ನಿಧಾನವಾಗಿ ಕೆಳಗಿಳಿಯತೊಡಗಿತು.

ಆಗಲೇ ಬಾಗಿಲು ಮತ್ತೆ ತೆರೆದುಕೊಂಡು ಕೋರ್ಟ್ ತಾತ, ರೇಡಿಯೋ ಅಕ್ಕ, ಟೈಲರು ಮೂವರೂ ಒಳಗೆ ನುಗ್ಗಿದರು. ತಾತ ಯಾರು ಯಜಮಾನರೆಂದು ಒಂದೇ ನೋಟಕ್ಕೆ ಗುರುತಿಸಿ ಸೋಫಾದ ಎದುರು ಕೈಕಟ್ಟಿ ನಿಂತ.

“ಮಹಾಸ್ವಾಮಿ, ಈ ನಿಮ್ಮ ಬೆಡ್‌ಶೀಟಣ್ಣ ಕಟ್ಟಿಕೊಂಡ ಹೆಂಡತಿಯಿಂದ ಬೇರೆಯಾಗ್ತಿದ್ದಾನೆ. ಪೊರಕೆ ಸಮೇತ ಪಾಲು ಮಾಡಿದ್ದಾನೆ. ತಾವು ನಾಲ್ಕು ಬುದ್ಧಿಮಾತು ಹೇಳಬೇಕು.”

“ಪಾಪ, ಆ ಹುಡುಗಿ ಬೆಳಗ್ಗಿಂದ ಯಾರ ಜೊತೇನೂ ಮಾತಾಡ್ತಿಲ್ಲ,” ಎಂದಳು ರೇಡಿಯೋ ಅಕ್ಕ.

“ಬೀರು ಮಾತ್ರ ನನಗೆ ಅಂತ ಮಾತಾಗಿದೆ,” ಎಂದ ಟೈಲರು.

ಬೆಡ್‌ಶೀಟಣ್ಣ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಗಿರಾಕಿ ಹೆಂಗಸು ಕಕ್ಕಾಬಿಕ್ಕಿಯಾಗಿ ಸೂಟ್‌ಕೇಸಿನ ಹಿಡಿಗೆ ಕೈಹಾಕಿದಳು. ಇನ್ನೇನು ಅವಳು ಹೊರಟೇಬಿಡುತ್ತಾಳೆ, ಕುರ್ಚಿ ಕೈತಪ್ಪಿ ಹೋಗುತ್ತದೆ ಎನ್ನುವಾಗ ಮೂರನೆಯ ಸಲ ಬಾಗಿಲು ತೆರೆಯಿತು.

ಹೆಂಡತಿ. ನೆರೆಯವರೆಲ್ಲ ಲಾಡ್ಜಿಗೆ ಹೋದರೆಂದು ಗೊತ್ತಾದ ಕೂಡಲೇ, ಗಂಡನ ಪರೀಕ್ಷೆ ಕೆಡಿಸಿಬಿಡುತ್ತಾರೆ ಎಂದು ಎದ್ದುಬಿದ್ದು ಓಡಿ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು. ಒಂದು ಕೈಯಲ್ಲಿ ಮನೆಯ ಬೀಗದ ಕೈ ಇತ್ತು. ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಮಾತಿಲ್ಲದೆ ಕೂತ ಗಂಡ. ಅವಳ ಸಿಟ್ಟು ನೆತ್ತಿಗೇರಿತು. ಆದರೆ ಪರೀಕ್ಷೆ ಇನ್ನೂ ಮುಗಿದಿಲ್ಲ. ತಿಂಗಳ ಪಾತ್ರೆಯನ್ನು ಅವಳು ಮರೆತಿರಲಿಲ್ಲ.

“ವೈ ಆರ್ ಯು ಸಿಟಿಂಗ್ ಲೈಕ್ ಎ ಪಿಲ್ಲೋ?” ಎಂದು ಗಂಡನ ಮೇಲೆ ಎಗರಿದಳು. “ಲೇಡಿ ಈಸ್ ಸ್ಟ್ಯಾಂಡಿಂಗ್! ಡಿಡ್ ಯು ಗಿವ್ ಚೇರ್? ಡಿಡ್ ಯು ಗಿವ್ ವಾಟರ್? ಹೌ ಮೆನಿ ಟೈಮ್ಸ್ ಐ ಟೆಲ್ ಯು?” ಆಮೇಲೆ ನೆರೆಯವರ ಕಡೆ ತಿರುಗಿ, “ಯು, ಯು, ಯು, ಸಿಟ್ ದೇರ್. ಡೋಂಟ್ ಓಪನ್ ಮೌತ್,” ಎಂದಳು. ಮಾತು ಅರ್ಥವಾಗದಿದ್ದರೂ ಬೆರಳು ಅರ್ಥವಾಯಿತು. ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತರು.

ಗಿರಾಕಿಯ ಮುಖದಲ್ಲಿ ಕಳೆ ಬಂತು. ಅವಳು ಈಗ ಹೆಂಡತಿಯ ಕಡೆ ತಿರುಗಿ ತನ್ನ ಕತೆಯನ್ನೆಲ್ಲ ತೋಡಿಕೊಂಡಳು.

“ವಾಟ್ ಟೈಮ್ ಯುವರ್ ಟ್ರೇನ್?” ಎಂದು ಹೆಂಡತಿ ಕೇಳಿದಳು. ಗಿರಾಕಿ ಹೊತ್ತು ಹೇಳಿದಳು. “ಸೋ ಅರ್ಲಿ! ಡೋಂಟ್ ವರಿ. ಹಾಟ್ ವಾಟರ್ ವಿಲ್ ಕಮ್ ಬಿಫೋರ್ ದಟ್. ಹಿ ಓನ್ಲಿ ಸ್ಟಾರ್ಟ್ಸ್ ದ ಬಾಯ್ಲರ್. ಐ ವಿಲ್ ವೇಕ್ ಹಿಮ್, ಹಿ ವಿಲ್ ವೇಕ್ ಯು.” ಬಾಯ್ಲರಿನ ವಿಷಯ ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಮಂಡಿಗೆ ಎಣ್ಣೆ ಹಚ್ಚುವಾಗ ದಿನವೂ ಅದೇ ಪುರಾಣ ಕೇಳಿದ್ದಳು. ಮೆಟ್ಟಿಲ ಪಕ್ಕದ ರೂಮಿನಲ್ಲಿ ಗಲಾಟೆ, ಹಿಂದಿನ ರೂಮು ಶಾಂತ ಎನ್ನುವುದೂ ಅವಳಿಗೆ ಗೊತ್ತಿತ್ತು. ಕೈಚಾಚಿ ಗಂಡನಿಂದ ಹಿಂದಿನ ರೂಮಿನ ಕೀ ಇಸಿದುಕೊಂಡು ಕೊಟ್ಟಳು. ಗಿರಾಕಿ ನಗುತ್ತ ಅವಳ ಕೈ ಕುಲುಕಿ ಮೇಲೆ ಹೋದಳು.

ಯಜಮಾನರು ಪೇಪರು ಮಡಚಿ ಎದ್ದು ಬಂದರು.

“ಏನಮ್ಮಾ, ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ?”

ಅವಳು ಮೊದಲು ಗಂಡನ ಕಡೆ ತಿರುಗಿ, “ಟೆಸ್ಟ್ ಓವರ್?” ಎಂದು ಖಾತ್ರಿ ಮಾಡಿಕೊಂಡಳು. ಅವನು ತಲೆಯಾಡಿಸಿದ. ಆಮೇಲೆ ತುಂಬಿದ ಕೊಡ ಬಗ್ಗಿಸಿದಂತೆ ಅವಳ ತಾಯ್ನುಡಿ ಹರಿಯಿತು. “ಎಲ್ಲಿ ಕಲೀಲಿ ಸರ್, ಮನೇಲೇ. ಇವರಿಗೆ ಕಲಿಸೋಕೆ ಹೋಗಿ ಇಷ್ಟೆಲ್ಲ ರಾಮಾಯಣ ಆಯ್ತು. ಇವರು ಸಾಮಾನಿನ ಹೆಸರು ಕಲಿತರು. ಆ ಸಾಮಾನು ಎಲ್ಲಿಟ್ರಿ, ಯಾಕಿಟ್ರಿ, ಯಾವಾಗ ತೆಗೀತೀರಿ ಅಂತ ಕೇಳೋ ಪಾಡು ನನಗೆ ಬಂತು. ಬೇರೆಯಾಗೋದೂ ಇಲ್ಲ, ಏನೂ ಇಲ್ಲ ಸರ್. ಪಾಪ, ಇವರ ಮಂಡಿ ಸರಿಯಿಲ್ಲ. ದಯವಿಟ್ಟು ಆ ಕುರ್ಚಿ ಕೊಟ್ಟುಬಿಡಿ.”

“ಕೊಡದೆ ಏನು?” ಎಂದರು ಯಜಮಾನರು. “ಕುರ್ಚಿ ನಿಮ್ಮ ಮನೆಗೇ.”

ಬೆಡ್‌ಶೀಟಣ್ಣನ ಮುಖ ಊರಗಲವಾಯಿತು.

“ಇವತ್ತಿನಿಂದಲೇ ಕೂತ್ಕೊಳ್ಳಮ್ಮ,” ಎಂದು ಯಜಮಾನರು ಮುಂದುವರಿಸಿದರು. “ಕೌಂಟರಿಗೆ ಬೇಕಾದ್ದು ನಿನ್ನಂಥ ಬಾಯಿ. ಇವನು ಬಟ್ಟೆಕೋಣೆ ಬಿಟ್ಟರೆ ಅಲ್ಲಿ ನೋಡ್ಕೊಳ್ಳೋರು ಯಾರು? ಎದ್ದೇಳಯ್ಯಾ.”

ಬೆಡ್‌ಶೀಟಣ್ಣ ಎದ್ದ. ಹೆಂಡತಿ ಅವನ ಮುಖ ನೋಡಿದಳು, ಕುರ್ಚಿ ನೋಡಿದಳು, ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. “ಮನೆಯಲ್ಲಿ ಒಬ್ಬರಿಗಾದರೂ ಬರಲಿ ಬಿಡಿ,” ಎಂದು ಮೆಲ್ಲಗೆ ಹೇಳಿ ಕೂತಳು. ಫ್ಯಾನಿನ ಗಾಳಿಗೆ ಅವಳ ಮುಂಗೂದಲು ಹಾರಾಡಿತು. ಅದನ್ನು ನೋಡಿ ಅವನಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಬೆಂಚಿನ ಮೇಲಿಂದ ಕೋರ್ಟ್ ತಾತ ಎದ್ದು ನಿಂತ. “ನಾನು ಹೇಳಿರಲಿಲ್ವೇ ಪಾಲಾಗುತ್ತೆ ಅಂತ? ಆಯ್ತು ನೋಡಿ. ಕುರ್ಚಿ, ಫ್ಯಾನು ಹೆಂಡತಿಗೆ. ಬೆಡ್‌ಶೀಟು, ಬಾಯ್ಲರು ಗಂಡನಿಗೆ. ತೀರ್ಪು ಹೊರಬಿತ್ತು, ನಡೀರಿ.” ರೇಡಿಯೋ ಅಕ್ಕ ಆಗಲೇ ಬಾಗಿಲು ದಾಟಿದ್ದಳು. ಕಟ್ಟಡದವರಿಗೆಲ್ಲ ತಾನೇ ಮೊದಲು ಹೇಳಬೇಕಲ್ಲ.

“ಹಾಗಾದ್ರೆ ಬೀರು?” ಎಂದ ಟೈಲರು. 

ಬೆಡ್‌ಶೀಟಣ್ಣ ಇಂಗು ತಿಂದ ಮಂಗನಂತೆ ನಿಂತಿದ್ದ. ಹೆಂಡತಿ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು. “ರೀ, ಡ್ಯೂಟಿ ಮುಗಿಸಿ ನಾನು ಬರೋ ಹೊತ್ತಿಗೆ ಹಸಿವಾಗಿರುತ್ತೆ. ಅಡುಗೆ ಮಾಡಿಟ್ಟಿರಿ. ಕಷ್ಟ ಏನಿಲ್ಲ, ಡಬ್ಬಿಗೆಲ್ಲ ನೀವೇ ಹೆಸರು ಬರೆದು ಅಂಟಿಸಿದ್ದೀರಲ್ಲ.” ಅವಳ ತುಟಿಯ ಕೊನೆಯಲ್ಲಿ ಸಣ್ಣ ನಗು ಇತ್ತು. ಅವನು ಅದನ್ನು ಗಮನಿಸಲಿಲ್ಲ.

ಮನೆಗೆ ಬಂದು ಬಾಗಿಲು ತೆರೆದ. ಡೋರ್ ಎಂದಿತು ಬಾಗಿಲು. ಲೈಟು ಹಾಕಿದ. ನಾಲ್ಕು ಗೋಡೆಗಳೂ ವಾಲ್ ಎಂದವು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಪಾತ್ರೆಯಲ್ಲಿ ನೀರಿಟ್ಟು, ತೋಳು ಮಡಚಿ ಶೆಲ್ಫಿನ ಕಡೆ ತಿರುಗಿದ.

ಟಿನ್, ಟಿನ್, ಟಿನ್, ಟಿನ್. ಒಂದೂ ತಪ್ಪಿಲ್ಲದೆ ಎಲ್ಲವನ್ನೂ ಓದಿದ. ಆಮೇಲೆ ಮೊದಲನೆಯ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಬೆರಳಿಟ್ಟು, ಕಣ್ಣು ಮುಚ್ಚಿ ನಾಲಿಗೆಗೆ ಹಚ್ಚಿಕೊಂಡ. ಖಾರದ ಪುಡಿ.